ತಂದೆಯವರ ಕಂಪ್ಯೂಟರಿಗೆ ಲಿನಕ್ಸ್ ಹಾಕಬಹುದೇ?

ಪ್ರಶ್ನೆ: ಶಿರಸಿ ಸಮೀಪದ ನಮ್ಮ ಮನೆಯಲ್ಲಿ 2016ರಲ್ಲಿ ಕೊಂಡ, ವಿಂಡೋಸ್ 10 ಇರುವ ಕಂಪ್ಯೂಟರ್ ಇದೆ. ವಿಂಡೋಸ್ 11 ಇದಕ್ಕೆ ಹೊಂದುವುದಿಲ್ಲವೆಂಬ ಸೂಚನೆ ಬರುತ್ತಿದೆ. ತಂದೆಯವರು ಅಡಿಕೆ ತೋಟದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆಯುತ್ತಾರೆ. ತಾಳಮದ್ದಳೆಗೆ ಬೇಕಾದ ಪದ್ಯಗಳನ್ನು ಬಹಳ ವರ್ಷಗಳಿಂದ ನುಡಿ ಎಂಬ ಕನ್ನಡ ಬರಹದ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಬೆಂಗಳೂರಿನಲ್ಲಿರುವ ನಾನು ಊರಿಗೆ ಬಂದಾಗ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಡಬಹುದೇ?

ಉತ್ತರ: ಹಾಕಿಕೊಡಬಹುದು, ಆದರೆ ಒಂದೇ ದಿನದಲ್ಲಿ ಬೇಡ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಿಂದ ಕಂಪ್ಯೂಟರ್ ನಿಂತುಹೋಗುವುದಿಲ್ಲವಾದರೂ, ಮುಂದೆ ಪತ್ತೆಯಾಗುವ ಭದ್ರತಾ ದೋಷಗಳಿಗೆ ಎಂದಿನಂತೆ ತಿದ್ದುಪಡಿ ಬರುವುದಿಲ್ಲವಾದ್ದರಿಂದ, ಬ್ಯಾಂಕಿನ ವ್ಯವಹಾರವನ್ನೂ ಅದರಲ್ಲೇ ಮಾಡುವವರು ಬದಲಾಯಿಸುವುದೇ ಲೇಸು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಇಂಟೆಲ್ ಆದರೆ ಬಹುಮಟ್ಟಿಗೆ 8ನೆಯ ಅಥವಾ ಅದರ ನಂತರದ ಪೀಳಿಗೆಯ ಪ್ರೊಸೆಸರನ್ನೂ ಕೇಳುತ್ತದೆ. ಲಿನಕ್ಸ್ ಬಗೆಗಳಲ್ಲೊಂದಾದ ಲಿನಕ್ಸ್ ಮಿಂಟ್‌ಗೆ 4 ಜಿಬಿ ರ್‍ಯಾಮ್ ಇದ್ದರೂ ಸಾಕು.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಆ ಪದ್ಯಗಳು. ಕಾರವಾರದ ನಮ್ಮ ಸೋದರಮಾವನ ಕಂಪ್ಯೂಟರಿಗೆ ಒಂದು ಮಧ್ಯಾಹ್ನ ನಾನೇ ಲಿನಕ್ಸ್ ಹಾಕಿ ಬಂದಿದ್ದೆ. ಮರುದಿನ ಅವರು ಸಂಘದ ಸಭೆಯ ನಡಾವಳಿಯನ್ನು ತೆರೆದಾಗ, ಕನ್ನಡವಿದ್ದಲ್ಲೆಲ್ಲ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು. ಹಳೆಯ ನುಡಿ ಕಡತಗಳಲ್ಲಿ ಅಕ್ಷರಗಳು ರೋಮನ್ ಲಿಪಿಯ ಸಂಕೇತಗಳಲ್ಲೇ ಇರುತ್ತವೆ. ಅವನ್ನು ಕನ್ನಡವಾಗಿ ತೋರಿಸುವುದು ಆ ಫಾಂಟ್ ಮಾತ್ರ. ಫಾಂಟನ್ನು ಲಿನಕ್ಸ್‌ಗೂ ಹಾಕಿ ಓದಬಹುದಾದರೂ ಹುಡುಕುವುದು, ತಿದ್ದುವುದು ಕಷ್ಟ. ಆದ್ದರಿಂದ ವಿಂಡೋಸ್ ಇರುವಾಗಲೇ ಪದ್ಯಗಳನ್ನೆಲ್ಲ ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತಗಳಿರುವ ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ತಂದೆಯವರ ಕಣ್ಣಿನಿಂದಲೇ ಪರಿಶೀಲಿಸಿ, ಮೂಲ ಕಡತಗಳ ಪ್ರತಿಯನ್ನು ಬೇರೊಂದು ಹಾರ್ಡ್ ಡಿಸ್ಕಿನಲ್ಲಿ ಇಡಿ. ಅವರಿಗೆ ರೂಢಿಯಾದ ಕ-ಗ-ಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ.

ಅನಂತರ ವಿಂಡೋಸ್‌ನಲ್ಲೇ ಎಕ್ಸೆಲ್ ಕಡತಗಳನ್ನೂ ತೆರೆಯಬಲ್ಲ ಲಿಬ್ರೆ ಆಫೀಸ್ ಮತ್ತು ಅಂತರಜಾಲ ನೋಡುವ ಫೈರ್‌ಫಾಕ್ಸ್ ಹಾಕಿ, ಒಂದೆರಡು ತಿಂಗಳು ತೋಟದ ಲೆಕ್ಕವನ್ನು ಲಿಬ್ರೆ ಆಫೀಸಿನಲ್ಲೇ ಬರೆಯಲು ಹೇಳಿ. ಮನೆಯವರು ದಿನವೂ ಮುಟ್ಟುವುದು ಈ ತಂತ್ರಾಂಶಗಳನ್ನೇ ಆದ್ದರಿಂದ, ಅವು ಕೈಗೆ ಹತ್ತಿದ ಮೇಲೆ ಅಡಿಯಲ್ಲಿರುವ ವ್ಯವಸ್ಥೆ ಬದಲಾದರೂ ಅಷ್ಟು ಗಾಬರಿಯಾಗುವುದಿಲ್ಲ. ವಿಂಡೋಸ್‌ಗೆಂದೇ ಇರುವ ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಬಳಸುವವರಾದರೆ ವಿಂಡೋಸನ್ನೂ ಉಳಿಸಿಕೊಳ್ಳಬೇಕಾಗುತ್ತದೆ.

ಕೊನೆಗೆ ಪೆನ್‌ಡ್ರೈವ್‌ನಿಂದಲೇ ಮಿಂಟ್ ನಡೆಸಿ, ಪ್ರಿಂಟರ್ ಮತ್ತು ವೈಫೈ ಕೆಲಸ ಮಾಡುತ್ತವೆಯೇ ನೋಡಿ. ಹೀಗೆ ನೋಡುವಾಗ ಹಾರ್ಡ್ ಡಿಸ್ಕಿನಲ್ಲಿರುವುದಕ್ಕೆ ತೊಂದರೆಯಾಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಇನ್‌ಸ್ಟಾಲ್ ಮಾಡಲು ಹೋಗಬೇಡಿ, ನಡುವೆ ಕರೆಂಟು ಹೋದರೆ ಕೆಲಸ ಕೆಡುತ್ತದೆ. ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಬಂದಾಗ ಮೊದಲ ದಿನವೇ ಹಾಕಿ, ಮತ್ತೆ ನಾಲ್ಕು ದಿನ ಊರಿನಲ್ಲಿರಿ. ತಂದೆಯವರಿಗೆ ಸಂಶಯಗಳು ಬರುವುದು ಆ ದಿನಗಳಲ್ಲೇ.