ಕಾರ್ಡು 32 ಜಿಬಿ, ತೋರಿಸುವುದು 256 ಎಂಬಿ!

ಪ್ರಶ್ನೆ: ಮಗ ಕಾಲೇಜು ಪ್ರಾಜೆಕ್ಟಿಗೆ ಅಂತ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಬೋರ್ಡು ತಂದಿದ್ದ. ಅದರಲ್ಲಿದ್ದ 32 ಜಿಬಿ ಮೆಮೊರಿ ಕಾರ್ಡನ್ನು ನನ್ನ ಕ್ಯಾಮೆರಾಕ್ಕೆ ಹಾಕಿಕೊಳ್ಳೋಣ ಅಂತ ವಿಂಡೋಸ್ ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದೆ. ಈಗ 256 ಎಂಬಿ ಮಾತ್ರ ತೋರಿಸುತ್ತಿದೆ. ಎಷ್ಟು ಸಲ ಮಾಡಿದರೂ ಅಷ್ಟೇ. ಕಾರ್ಡು ಹಾಳಾಯಿತೇ?
– ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಹಾಳಾಗಿಲ್ಲ ಮೇಷ್ಟ್ರೇ. ಉಳಿದ ಜಾಗ ಕಾರ್ಡಿನಲ್ಲೇ ಇದೆ, ವಿಂಡೋಸಿಗೆ ಅದನ್ನು ಓದಲು ಬರುವುದಿಲ್ಲ, ಅಷ್ಟೆ.

ನಿಮ್ಮ ಕಡೆ ತೆಂಗಿನ ತೋಟ ಪೋಡಿ ಮಾಡಿಸುವುದನ್ನು ನೋಡಿರುತ್ತೀರಿ. ಒಂದೇ ಸರ್ವೆ ನಂಬರು ಎರಡು ಹಿಸ್ಸೆ ಆದ ಮೇಲೆ, ಒಂದು ಹಿಸ್ಸೆಯನ್ನು ಎಷ್ಟು ಸಲ ಉತ್ತರೂ ಇನ್ನೊಂದು ಬಂದು ಅದಕ್ಕೆ ಸೇರುವುದಿಲ್ಲ, ಅಲ್ವಾ? ನಿಮ್ಮ ಮಗ ಆ ಬೋರ್ಡಿಗೆ ಲಿನಕ್ಸ್ (ವಿಂಡೋಸಿನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿದಾಗ ಕಾರ್ಡು ಹಾಗೇ ಎರಡು ಪಾರ್ಟಿಷನ್ ಆಗಿದೆ. ಬೋರ್ಡು ಚಾಲೂ ಆಗಲು ಬೇಕಾದ ಚಿಕ್ಕದೊಂದು, ಉಳಿದದ್ದೆಲ್ಲ ಇರುವ ದೊಡ್ಡದೊಂದು. ಫೈಲುಗಳನ್ನು ಜೋಡಿಸಿಡುವ ಕ್ರಮ ಎರಡರಲ್ಲೂ ಬೇರೆ. ಚಿಕ್ಕದು ವಿಂಡೋಸಿಗೆ ಗೊತ್ತಿರುವ ಫ್ಯಾಟ್ ಮಾದರಿಯದು. ದೊಡ್ಡದು ಲಿನಕ್ಸಿನ ಇಎಕ್ಸ್‌ಟಿ4. ನೀವು ಪ್ರತಿ ಸಲ ಫಾರ್ಮ್ಯಾಟ್ ಮಾಡಿದ್ದು ಆ ಚಿಕ್ಕದನ್ನೇ.

ಇದರಿಂದ ಒಂದು ಒಳ್ಳೆಯದೂ ಆಗಿದೆ. ಮಗನ ಪ್ರಾಜೆಕ್ಟು ದೊಡ್ಡ ಪಾರ್ಟಿಷನ್ನಿನಲ್ಲಿ ಹಾಗೇ ಕೂತಿರುತ್ತದೆ. ಮುಂದೆ ಹೇಳುವುದನ್ನು ಮಾಡಿದರೆ ಅದು ಹೋಗುತ್ತದೆ. ಆದ್ದರಿಂದ ಮೊದಲು ಮಗನಿಗೆ ಫೋನ್ ಮಾಡಿ ಕೇಳಿ. 'ಬೇಡಪ್ಪಾ, ಕಾಪಿ ಇದೆ' ಅಂದರೆ ಮುಂದುವರಿಯಿರಿ. ಬೇಕು ಅಂದರೆ ಲಿನಕ್ಸ್ ಇರುವ ಯಾವುದಾದರೂ ಕಂಪ್ಯೂಟರಿಗೆ ಕಾರ್ಡು ಹಾಕಿ ತೆಗೆದುಕೊಳ್ಳಲಿ.

ಸುಲಭದ ದಾರಿ, ಎಸ್‌ಡಿ ಅಸೋಸಿಯೇಷನ್ನಿನವರ 'ಎಸ್‌ಡಿ ಮೆಮೊರಿ ಕಾರ್ಡ್ ಫಾರ್ಮ್ಯಾಟರ್'. ಈ ಕಾರ್ಡುಗಳ ಗಾತ್ರ, ಗುಣ, ನಿಯಮ ಎಲ್ಲವನ್ನೂ ಗೊತ್ತುಮಾಡುವ ಸಂಘ ಅದು. ತಂತ್ರಾಂಶ ಉಚಿತ. ಇದು ಒಂದು ಪಾರ್ಟಿಷನ್ನಿಗೆ ಕೈ ಹಾಕಿ ಸುಮ್ಮನಾಗುವುದಿಲ್ಲ, ಇಡೀ ಕಾರ್ಡನ್ನು ಮತ್ತೆ ಒಂದು ಮಾಡುತ್ತದೆ. ಕ್ವಿಕ್ ಫಾರ್ಮ್ಯಾಟ್ ಸಾಕು. ಇನ್ನೂ ಹತ್ತಿರದ ದಾರಿ ಬೇಕಾದರೆ, ಮಗ ಲಿನಕ್ಸ್ ಹಾಕಲು ಬಳಸಿದ್ದು ರಾಸ್ಪ್‌ಬೆರಿ ಪೈ ಇಮೇಜರ್ ಆಗಿದ್ದರೆ ಅದರಲ್ಲೇ ಎರೇಸ್ ಅಂತ ಒಂದು ಆಯ್ಕೆ ಇರುತ್ತದೆ.

ಡೌನ್‌ಲೋಡ್ ಏನೂ ಬೇಡ ಅನ್ನುವವರಿಗೆ ವಿಂಡೋಸಿನೊಳಗೇ ಡಿಸ್ಕ್‌ಪಾರ್ಟ್ ಇದೆ. ಕಪ್ಪು ಪರದೆ, ಟೈಪ್ ಮಾಡಬೇಕು. ನನಗೆ ಇಷ್ಟವಾದದ್ದು, ಆದರೆ ಎಲ್ಲರಿಗೂ ಹೇಳಲು ಭಯ. 'ಲಿಸ್ಟ್ ಡಿಸ್ಕ್' ಅಂದರೆ ಡಿಸ್ಕುಗಳ ಪಟ್ಟಿ ಬರುತ್ತದೆ. ನಂಬರು ನೋಡಿ ಆರಿಸಬೇಡಿ, ಗಾತ್ರ ನೋಡಿ. ನೂರಾರು ಜಿಬಿ ಇರುವುದು ನಿಮ್ಮ ಕಂಪ್ಯೂಟರಿನ ಡಿಸ್ಕು, 29 ಜಿಬಿ ಇರುವುದು ಕಾರ್ಡು (32 ಯಾಕಲ್ಲ ಅಂತ ಕೊನೆಗೆ ಹೇಳುತ್ತೇನೆ). 'ಸೆಲೆಕ್ಟ್ ಡಿಸ್ಕ್' ಅಂತ ಬರೆದು ಕಾರ್ಡಿನ ನಂಬರು ಕೊಟ್ಟು, ಇನ್ನೊಮ್ಮೆ 'ಲಿಸ್ಟ್ ಡಿಸ್ಕ್' ಅನ್ನಿ. ಈಗ ಆರಿಸಿದ ಸಾಲಿನ ಎಡಗಡೆ ಒಂದು ನಕ್ಷತ್ರದ ಗುರುತು ಬಂದಿರುತ್ತದೆ. ಅದು 29 ಜಿಬಿ ಸಾಲಿನ ಮುಂದೆಯೇ ಇದೆಯಾ ಅಂತ ಕಣ್ಣಾರೆ ನೋಡಿ. ಆಮೇಲೆ 'ಕ್ಲೀನ್'. ಇದು 'ಖಂಡಿತಾನಾ?' ಅಂತ ಕೇಳುವುದಿಲ್ಲ. ಎಂಟರ್ ಒತ್ತಿದಿರೋ, ಮುಗಿಯಿತು. ಕೊನೆಗೆ 'ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ' ಅಂತ ಕೊಟ್ಟು ಹೊರಬಂದು ಮಾಮೂಲಿಯಂತೆ ಫಾರ್ಮ್ಯಾಟ್ ಮಾಡಿ.

ಇಷ್ಟಾದ ಮೇಲೂ 32 ಪೂರ್ತಿ ಬರುವುದಿಲ್ಲ, 29 ಚಿಲ್ಲರೆ ತೋರಿಸುತ್ತದೆ. ಮತ್ತೆ ಪತ್ರ ಬರೆಯಬೇಡಿ! ಕಾರ್ಡು ಮಾಡುವವರು ಒಂದು ಜಿಬಿಗೆ 100 ಕೋಟಿ ಬೈಟ್ ಲೆಕ್ಕ ಹಿಡಿಯುತ್ತಾರೆ. ವಿಂಡೋಸ್ 107 ಕೋಟಿಗೂ ಜಾಸ್ತಿ ಹಿಡಿಯುತ್ತದೆ. ಭಾಗಿಸಿದರೆ 29.8. ಅಂಗಡಿಯವನು ಏನೂ ಹೊಡೆದುಕೊಂಡಿಲ್ಲ.

ಪ್ರಶ್ನೆ: ಮದುವೆ ಫೋಟೋ ತೆಗೆಯುತ್ತೇನೆ. ಕಾರ್ಡನ್ನು ಮ್ಯಾಕ್‌ಗೆ ಹಾಕಿ ಎಲ್ಲ ಕಾಪಿ ಮಾಡಿಕೊಂಡು ಡಿಲೀಟ್ ಮಾಡುತ್ತೇನೆ. ಒಳಗೆ ಏನೂ ಕಾಣುವುದಿಲ್ಲ, ಆದರೂ ಕ್ಯಾಮೆರಾ 'ಕಾರ್ಡ್ ಫುಲ್' ಅನ್ನುತ್ತದೆ.
– ಛಾಯಾಗ್ರಾಹಕರು, ಹಾಸನ

ಉತ್ತರ: ಮ್ಯಾಕ್‌ನಲ್ಲಿ ಡಿಲೀಟ್ ಮಾಡಿದ ಫೋಟೋ ಕಾರ್ಡಿನಲ್ಲೇ ಒಂದು ಗುಪ್ತ ಫೋಲ್ಡರಿಗೆ ಹೋಗಿ ಕೂರುತ್ತದೆ. ಟ್ರ್ಯಾಶ್ ಖಾಲಿ ಮಾಡುವ ತನಕ ಜಾಗ ಬಿಡುವುದಿಲ್ಲ. ಅದೂ ಕಾರ್ಡು ಸಿಕ್ಕಿಸಿರುವಾಗಲೇ ಖಾಲಿ ಮಾಡಬೇಕು. ನನ್ನ ಕೇಳಿದರೆ ಡಿಲೀಟ್ ಮಾಡುವ ಅಭ್ಯಾಸವನ್ನೇ ಬಿಡಿ. ಫೋಟೋಗಳು ಎರಡು ಕಡೆ ಕಾಪಿ ಆದ ಮೇಲೆ ಕಾರ್ಡನ್ನು ಕ್ಯಾಮೆರಾದೊಳಗೇ ಫಾರ್ಮ್ಯಾಟ್ ಮಾಡಿ. ತನಗೆ ಬೇಕಾದ ಫೋಲ್ಡರನ್ನು ಕ್ಯಾಮೆರಾನೇ ಮಾಡಿಕೊಳ್ಳುತ್ತದೆ.

ಪ್ರಶ್ನೆ: ಮನೆ ಮುಂದಿನ ಸಿಸಿಟಿವಿ ಕ್ಯಾಮೆರಾದ ಕಾರ್ಡು ಫಾರ್ಮ್ಯಾಟ್ ಆಯಿತು ಅನ್ನುತ್ತದೆ. ತೆಗೆದು ಮತ್ತೆ ಹಾಕಿದರೆ ಹಳೇ ವಿಡಿಯೋಗಳೆಲ್ಲ ವಾಪಸ್! ದೆವ್ವ ಹಿಡಿದಿದೆಯಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ದೆವ್ವ ಅಲ್ಲಮ್ಮ, ಕಾರ್ಡಿಗೆ ವಯಸ್ಸಾಗಿದೆ. ಮೆಮೊರಿ ಕಾರ್ಡಿನ ಪ್ರತಿ ಕೋಶಕ್ಕೂ ಇಷ್ಟು ಸಲ ಬರೆದು ಅಳಿಸಬಹುದು ಅಂತ ಮಿತಿ ಇದೆ. ಸಿಸಿಟಿವಿ ಹಗಲು ರಾತ್ರಿ ಬರೆಯುತ್ತಲೇ ಇರುತ್ತದೆ, ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತದೆ. ಹೀಗೆ ಸವೆದ ಕೆಲವು ಕಾರ್ಡುಗಳು ಓದುವುದಕ್ಕೆ ಮಾತ್ರ ಉಳಿಯುತ್ತವೆ. ಬರೆಯಲು ಹೇಳಿದರೆ ಹೂಂ ಅನ್ನುತ್ತವೆ, ಬರೆಯುವುದಿಲ್ಲ. ಇದಕ್ಕೆ ಯಾವ ತಂತ್ರಾಂಶವೂ ಇಲ್ಲ. ಬೇಕಾದ ವಿಡಿಯೋ ಇದ್ದರೆ ಇವತ್ತೇ ತೆಗೆದಿಟ್ಟುಕೊಳ್ಳಿ. ಹೊಸದು ಕೊಳ್ಳುವಾಗ ಪ್ಯಾಕೆಟ್ ಮೇಲೆ 'ಹೈ ಎಂಡ್ಯೂರೆನ್ಸ್' ಅಂತ ಇರುವುದನ್ನೇ ಕೇಳಿ, ಅವು ಇಂಥ ಕೆಲಸಕ್ಕೆ ಅಂತಲೇ ಬರುತ್ತವೆ.

ಹಾಂ, ಚಿಕ್ಕ ಕಾರ್ಡನ್ನು ಕಂಪ್ಯೂಟರಿಗೆ ಹಾಕಲು ಬಳಸುವ ಅಡಾಪ್ಟರಿನ ಪಕ್ಕದಲ್ಲಿ ಸಣ್ಣದೊಂದು ಲಾಕ್ ಇರುತ್ತದೆ. ಅದು ಕೆಳಗೆ ಜಾರಿದ್ದರೆ ಫಾರ್ಮ್ಯಾಟೇ ಆಗುವುದಿಲ್ಲ, 'ರೈಟ್ ಪ್ರೊಟೆಕ್ಟೆಡ್' ಅನ್ನುತ್ತದೆ. ಅಂಗಡಿಗೆ ಬರುವ 'ಸತ್ತ' ಕಾರ್ಡುಗಳಲ್ಲಿ ಕೆಲವು ಉಗುರಿನಲ್ಲಿ ಲಾಕ್ ಮೇಲೆ ತಳ್ಳಿದ ಕೂಡಲೇ ಜೀವ ಬರುತ್ತವೆ. ಅದಕ್ಕೆ ನಾನು ದುಡ್ಡು ತಗೊಳ್ಳುವುದಿಲ್ಲ.

ಪ್ರಶ್ನೆ: ಜಾತ್ರೆಯಲ್ಲಿ 400 ರೂಪಾಯಿಗೆ 1 ಟಿಬಿ ಕಾರ್ಡು ತಗೊಂಡೆ. ಫೋನಿನಲ್ಲೂ 1 ಟಿಬಿ ಅಂತಲೇ ತೋರಿಸುತ್ತದೆ. ಆದರೆ ಈಚೆಗೆ ಹಾಕಿದ ಫೋಟೋ ತೆರೆದರೆ ಬೂದು ಬಣ್ಣ. ಫಾರ್ಮ್ಯಾಟ್ ಮಾಡಿದರೆ ಸರಿ ಹೋಗುತ್ತದೆಯೇ?
– ಪದವಿ ವಿದ್ಯಾರ್ಥಿ, ಬಾದಾಮಿ

ಉತ್ತರ: ಇಲ್ಲಪ್ಪ. ಇದು ಮೇಷ್ಟ್ರ ಕಾರ್ಡಿಗೆ ಉಲ್ಟಾ. ಅಲ್ಲಿ ಜಾಗ ಇತ್ತು, ಕಾಣುತ್ತಿರಲಿಲ್ಲ. ಇಲ್ಲಿ ಕಾಣುತ್ತಿದೆ, ಇಲ್ಲ. ಕಾರ್ಡಿನೊಳಗಿನ ಕಂಟ್ರೋಲರ್ ಚಿಪ್ಪಿಗೇ ಸುಳ್ಳು ಹೇಳಲು ಕಲಿಸಿರುತ್ತಾರೆ. ಒಳಗೆ ಇರುವುದು 16 ಜಿಬಿಯೋ 32 ಜಿಬಿಯೋ. ಅದು ಮುಗಿದ ಮೇಲೆ ನೀನು ಹಾಕಿದ ಫೋಟೋ ಹಳೆಯದರ ಮೇಲೆ ಬೀಳುತ್ತದೆ, ಇಲ್ಲವೇ ಎಲ್ಲೂ ಸೇರುವುದಿಲ್ಲ. ಹೆಸರುಗಳ ಪಟ್ಟಿ ಕಾರ್ಡಿನ ಆರಂಭದಲ್ಲೇ ಇರುವುದರಿಂದ ಫೈಲಿನ ಹೆಸರು ಮಾತ್ರ ನೀಟಾಗಿ ಕಾಣುತ್ತದೆ.

ಖಾತ್ರಿ ಮಾಡಿಕೊಳ್ಳಲು ವಿಂಡೋಸಿನಲ್ಲಿ 'ಎಚ್‌2ಟೆಸ್ಟ್‌ಡಬ್ಲ್ಯೂ' ಓಡಿಸು. ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಯವರು ಕೊಟ್ಟದ್ದು, ಇಂಗ್ಲಿಷ್ ಆರಿಸಿಕೊಳ್ಳಬಹುದು. ಲಿನಕ್ಸ್, ಮ್ಯಾಕ್ ಇದ್ದರೆ 'ಎಫ್3'. ಈ ಎರಡೂ ತಂತ್ರಾಂಶಗಳು ಕಾರ್ಡು ತುಂಬುವಷ್ಟು ಬರೆದು, ವಾಪಸ್ ಓದಿ, ತಾಳೆ ನೋಡುತ್ತವೆ. 1 ಟಿಬಿ ಅಂದರೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗು. ಅದಕ್ಕೂ ಮೊದಲು ಚೆನ್ನಾಗಿ ತೆರೆಯುತ್ತಿರುವ ಫೋಟೋಗಳನ್ನು ಬೇರೆ ಕಡೆ ಹಾಕಿಕೋ. ಅಲ್ಲಿಯವರೆಗೆ ಆ ಕಾರ್ಡಿಗೆ ಒಂದು ಫೋಟೋನೂ ಹೊಸದಾಗಿ ಹಾಕಬೇಡ.

ನಿಜವಾದ ಗಾತ್ರ ಗೊತ್ತಾದ ಮೇಲೆ ಅಷ್ಟಕ್ಕೇ ಪಾರ್ಟಿಷನ್ ಮಾಡಿ ಬಳಸುವವರೂ ಇದ್ದಾರೆ. ನಾನಂತೂ ಅಂಥ ಕಾರ್ಡಿಗೆ ಹಾಡು ಹಾಕಿಯೇನು, ಅಕ್ಕನ ಮದುವೆ ಫೋಟೋ ಹಾಕುವುದಿಲ್ಲ.