ಚಿಕಾಗೋದಿಂದ ಸಿಯಾಟಲ್‌ಗೆ ಕಾರಿನಲ್ಲಿ: ಎರಡು ದೊಡ್ಡ ನಾಯಿ, ಇಬ್ಬರು ಮಕ್ಕಳು

ನಮಸ್ಕಾರ. ಬೆಂಗಳೂರಿನಿಂದ ಚಿಕಾಗೋಗೆ ಬಂದು ಐದು ತಿಂಗಳಾಗಿದೆ, ಜೂನ್‌ನಲ್ಲಿ ಸಿಯಾಟಲ್‌ಗೆ ಮನೆ ಬದಲಾಯಿಸಬೇಕು ಎಂದಿದ್ದೀರಿ. ಬಸವನಗುಡಿಯಿಂದ ಕರೆತಂದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಆರು ಮತ್ತು ಮೂರು ವರ್ಷದ ಮಕ್ಕಳು, ಏಳು ಸೀಟಿನ ವ್ಯಾನ್. ನಾಲ್ಕು ದಿನ ಸಾಕೇ ಎಂಬುದು ನಿಮ್ಮ ಪ್ರಶ್ನೆ.

ಸಾಲದು. ದಾರಿ ಸುಮಾರು 3,300 ಕಿ.ಮೀ. ಬೆಂಗಳೂರಿನಿಂದ ದೆಹಲಿಗೆ ಹೋಗಿ ಅರ್ಧ ದಾರಿ ವಾಪಸ್ ಬಂದಷ್ಟು. ಏಳು ದಿನ ಇಟ್ಟುಕೊಳ್ಳಿ. ಐ-90 ಹೆದ್ದಾರಿಯಲ್ಲೇ ಲಾ ಕ್ರಾಸ್, ಸೂ ಫಾಲ್ಸ್, ರ‍್ಯಾಪಿಡ್ ಸಿಟಿ, ಬಿಲ್ಲಿಂಗ್ಸ್, ಮಿಸೌಲಾ, ಸ್ಪೋಕೇನ್‌ಗಳಲ್ಲಿ ತಂಗಿದರೆ ದಿನದ ಓಟ ಹೆಚ್ಚೆಂದರೆ 600 ಕಿ.ಮೀ. ಆಸುಪಾಸಿನಲ್ಲೇ ಮುಗಿಯುತ್ತದೆ. ಎರಡು ಗಂಟೆಗೊಮ್ಮೆ ನಿಲ್ಲಿಸಲು ಆಗ ಮಾತ್ರ ಸಮಯ ಸಿಗುವುದು.

ಮೊದಲು ಟೇಪು ಹಿಡಿದು ವ್ಯಾನಿನ ಹಿಂಭಾಗ ಅಳೆಯಿರಿ. ಮೂರನೇ ಸಾಲು ಮಡಚಿದರೂ ಚಕ್ರದ ಉಬ್ಬುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಅಡಿ ಅಗಲ ಸಿಗುತ್ತದೆ. 42 ಇಂಚು ಉದ್ದದ ತಂತಿ ಪಂಜರ ಒಂದೊಂದೇ 28 ಇಂಚು ಅಗಲ, ಎರಡು ಪಕ್ಕಪಕ್ಕ ಕೂರುವುದಿಲ್ಲ. ಒಂದು ನಾಯಿಗೆ ಪಂಜರ, ಇನ್ನೊಂದಕ್ಕೆ ಕ್ರ್ಯಾಶ್ ಪರೀಕ್ಷೆಯಾದ ಹಾರ್ನೆಸ್ (ಎದೆಗೆ ತೊಡಿಸಿ ಸೀಟ್‌ಬೆಲ್ಟಿಗೆ ಸಿಕ್ಕಿಸುವ ಪಟ್ಟಿ), ಮಕ್ಕಳ ಸೀಟಿನ ಹಿಂದೆ ಉಕ್ಕಿನ ಜಾಲರಿ: ಇದು ನಡೆಯುತ್ತದೆ. ಪಂಜರವನ್ನು ರ‍್ಯಾಚೆಟ್ ಪಟ್ಟಿಯಿಂದ ನೆಲದ ಕೊಂಡಿಗೆ ಬಿಗಿಯಿರಿ. ರಬ್ಬರ್ ಹಗ್ಗ ಬೇಡ, ಜೋರಾಗಿ ಬ್ರೇಕ್ ಹಾಕಿದಾಗ ಅದು ಹಿಗ್ಗುತ್ತದೆ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಜನ ಮತ್ತು ಸಾಮಾನು ಸೇರಿ ಎಷ್ಟು ಭಾರ ಹೊರಬಹುದೆಂದು ಬರೆದಿರುತ್ತದೆ. ನಾಯಿಗಳೇ 65–70 ಕೆ.ಜಿ. ಆಗಬಹುದು, ಅದನ್ನೂ ಕೂಡಿಸಿ. ಪಾತ್ರೆ-ಪಡಗ, ಗ್ರೈಂಡರ್ ಎಲ್ಲ ಲಾರಿಯಲ್ಲಿ ಬರಲಿ.

ಇಂಥ ಪ್ರಯಾಣದಲ್ಲಿ ನಾನು ಹೆಚ್ಚು ಹೆದರುವುದು ಓಡುವ ಗಾಡಿಗಲ್ಲ, ನಿಂತ ಗಾಡಿಯ ಬಾಗಿಲಿಗೆ. ಗುರುತಿಲ್ಲದ ಜಾಗ, ಟ್ರಕ್ಕಿನ ಹಾರನ್, ಎರಡು ಗಂಟೆ ಕಟ್ಟಿಹಾಕಿದ ನಾಯಿ. ಹಿಂಬಾಗಿಲು ಎತ್ತಿದ ಕ್ಷಣವೇ ಅದು ಹೆದ್ದಾರಿಯತ್ತ ಓಡುತ್ತದೆ. ಮೈಸೂರು ರಸ್ತೆಯಲ್ಲಿ ಕಾಫಿಗೆ ನಿಲ್ಲಿಸಿದ ಹಾಗೆ ಎಲ್ಲರೂ ಒಟ್ಟಿಗೆ ಇಳಿಯಬೇಡಿ. ಟ್ರಕ್ಕುಗಳಿಂದ ದೂರ ನಿಲ್ಲಿಸಿ. ಮಕ್ಕಳು ಬೆಲ್ಟಿನಲ್ಲೇ ಇರಲಿ. ಒಬ್ಬರು ಒಳಗಿನಿಂದಲೇ ಹಾರ್ನೆಸ್ ನಾಯಿಗೆ ಹಗ್ಗ ಸಿಕ್ಕಿಸಿ ಕೈಗೆ ಸುತ್ತದೆ ಗಟ್ಟಿಯಾಗಿ ಹಿಡಿದುಕೊಂಡ ಮೇಲೆ ಇನ್ನೊಬ್ಬರು ಬಾಗಿಲು ತೆರೆಯಲಿ. ಪಂಜರದ ಬಾಗಿಲನ್ನು ಕೈ ತೂರುವಷ್ಟೇ ತೆರೆದು ಮೊದಲು ಹಗ್ಗ ಸಿಕ್ಕಿಸಿ. ಕಾಲು ಬೀಸಿದರೆ ತಾನಾಗಿ ತೆರೆಯುವ ಹಿಂಬಾಗಿಲಾದರೆ ಆ ಸೌಲಭ್ಯವನ್ನು ಹೊರಡುವ ಮೊದಲೇ ಬಂದ್ ಮಾಡಿ. ಅಮೆರಿಕಕ್ಕೆ ಬರುವಾಗ ತೋರಿಸಿದ, ನಾಯಿಯ ಚರ್ಮದಡಿ ಇರುವ 15 ಅಂಕಿಯ ಗುರುತಿನ ಚಿಪ್‌ಗೆ ಇನ್ನೂ ಬೆಂಗಳೂರಿನ ಫೋನ್ ನಂಬರೇ ಇದ್ದರೆ ಕಳೆದುಹೋದ ನಾಯಿ ನಿಮ್ಮನ್ನು ಮುಟ್ಟುವುದಿಲ್ಲ. ಇಲ್ಲಿನ ನೋಂದಣಿಗೆ ಸೇರಿಸಿ, ಕೊರಳಪಟ್ಟಿಗೂ ಇಲ್ಲಿನ ಮೊಬೈಲ್ ನಂಬರ್ ಕೆತ್ತಿಸಿ.

ಊಟದ ಮುಖ್ಯ ಪಾಲು ರಾತ್ರಿ, ಕೋಣೆ ಸೇರಿದ ಮೇಲೆ. ಎದೆ ಆಳವಿರುವ ದೊಡ್ಡ ನಾಯಿಗಳಲ್ಲಿ, ಅದರಲ್ಲೂ ಶೆಫರ್ಡ್‌ನಲ್ಲಿ, ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ಬಿಗಿದು, ವಾಂತಿ ಬಂದಂತಾಗಿ ಏನೂ ಹೊರಬರದಿದ್ದರೆ ಬೆಳಗಿನವರೆಗೆ ಕಾಯದೆ ತುರ್ತು ಪಶುವೈದ್ಯರಲ್ಲಿಗೆ ಓಡಿ. 35 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು ಎರಡು ಲೀಟರ್ ನೀರು. ಮಕ್ಕಳ ಡಬ್ಬಿಯಲ್ಲಿ ದ್ರಾಕ್ಷಿ, ಒಣದ್ರಾಕ್ಷಿ ಬೇಡವೇ ಬೇಡ: ಕೆಳಗೆ ಬಿದ್ದ ಹಿಡಿಯಷ್ಟನ್ನು ತಿಂದರೂ ನಾಯಿಯ ಮೂತ್ರಪಿಂಡ ಕೆಡಬಹುದು. ವಾಂತಿಗೆ ಊರಿನಿಂದ ತಂದ ಅವೊಮಿನ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮಗುವಿಗೂ ನಾಯಿಗೂ ಕೊಡಬೇಡಿ.

ಹೊರಗೆ 21 ಡಿಗ್ರಿ ತಂಪಿದ್ದರೂ ಮುಚ್ಚಿದ ಕಾರು ಅರ್ಧ ಗಂಟೆಯಲ್ಲಿ 40 ಡಿಗ್ರಿ ತಲುಪುತ್ತದೆ. ಗಾಜು ಸ್ವಲ್ಪ ಇಳಿಸಿದರೆ ಪ್ರಯೋಜನವಿಲ್ಲ. ಹಾಗಾಗಿ ಬ್ಯಾಡ್‌ಲ್ಯಾಂಡ್ಸ್, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಗಳನ್ನು ನೋಡುವ ಆಸೆ ಈ ಸಲ ಬಿಡಿ. ಅಲ್ಲಿನ ಕಾಲುದಾರಿಗಳಿಗೆ ನಾಯಿಯನ್ನು ಬಿಡುವುದಿಲ್ಲ, ಕಾರಿನಲ್ಲಿ ಬಿಟ್ಟು ಹೋಗಲೂ ಆಗುವುದಿಲ್ಲ. ವಿಸ್ಕಾನ್ಸಿನ್, ಮಿನ್ನೆಸೋಟಾದ ಹುಲ್ಲಿನಲ್ಲಿ ಲೈಮ್ ಎಂಬ ಬ್ಯಾಕ್ಟೀರಿಯಾ ರೋಗ ಹರಡುವ ಉಣ್ಣಿ ಇರುತ್ತದೆ. ಪ್ರತಿ ರಾತ್ರಿ ನಾಯಿಗಳ ಕಿವಿ, ಬೆರಳ ಸಂದು, ಮಕ್ಕಳ ಮಂಡಿಯ ಹಿಂಭಾಗ ನೋಡಿ.

ಹೋಟೆಲ್ ಜಾಲತಾಣದ ‘ನಾಯಿಗೆ ಅವಕಾಶವಿದೆ’ ಎಂಬ ಮಾತನ್ನು ನಂಬದೆ ಅದೇ ಊರಿನ ಹೋಟೆಲಿಗೆ ಫೋನ್ ಮಾಡಿ. ಎರಡು ನಾಯಿ ಆಗುತ್ತದೆಯೇ, ತೂಕದ ಮಿತಿ ಎಷ್ಟು, ಶೆಫರ್ಡ್ ಬಿಡುತ್ತೀರಾ, ನೆಲಮಹಡಿ ಕೋಣೆ ಇದೆಯೇ ಎಂದು ಕೇಳಿ.

ಕಾಗದಗಳಲ್ಲಿ ರೇಬೀಸ್ ಲಸಿಕೆಯ ಪತ್ರ, ಪಶುವೈದ್ಯರ ಆರೋಗ್ಯ ಪತ್ರ, ನಿಮ್ಮೆಲ್ಲರ ಪಾಸ್‌ಪೋರ್ಟ್, ವೀಸಾ ದಾಖಲೆ ಲಾರಿಗೆ ಹೋಗದೆ ಕೈಚೀಲದಲ್ಲಿರಲಿ. ಸಿಯಾಟಲ್ ಮುಟ್ಟಿದ 10 ದಿನದೊಳಗೆ ಅಮೆರಿಕದ ವಲಸೆ ಇಲಾಖೆಗೆ ಎಆರ್-11 ಅರ್ಜಿಯಲ್ಲಿ ವಿಳಾಸ ಬದಲಾವಣೆ ತಿಳಿಸಬೇಕು. ವಾಷಿಂಗ್ಟನ್ ರಾಜ್ಯದ ಲೈಸೆನ್ಸ್, ಗಾಡಿ ನೋಂದಣಿಗೆ 30 ದಿನ ಸಮಯವಿದೆ.