ಓದುಗರ ಪ್ರಶ್ನೆ: ನಡೆದರೆ ಮಂಡಿನೋವು ಇಳಿಯುವುದೇಕೆ?

ಪ್ರಶ್ನೆ: ನನಗೆ 54 ವರ್ಷ. ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ವಾಕಿಂಗ್ ಹೊರಟ ಮೊದಲ ಐದು ನಿಮಿಷ ನೋವು, ಆಮೇಲೆ ಇಳಿಯುತ್ತದೆ. ಮನೆಗೆ ಬಂದ ಮೇಲೂ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ನೋವು ಗೊತ್ತಾಗದೆ ಮಂಡಿಯನ್ನು ಇನ್ನಷ್ಟು ಸವೆಸಿಕೊಳ್ಳುತ್ತಿದ್ದೇನೆಯೇ?
– ಓದುಗರು, ಶಿರಸಿ

ಉತ್ತರ: ಇಲ್ಲ, ನಡಿಗೆ ಬಿಡಬೇಡಿ. ಮಂಡಿ ಸವೆತಕ್ಕೆ ವ್ಯಾಯಾಮವೇ ಮೊದಲ ಚಿಕಿತ್ಸೆ.

ಮಂಡಿಯಿಂದ ಹೊರಟ ಸಂಕೇತ ಬೆನ್ನುಹುರಿಯ ಮೂಲಕ ಮೆದುಳಿಗೆ ಹೋಗಬೇಕು. ಸ್ನಾಯುಗಳು ದುಡಿಯುವಾಗ ಮೆದುಳಿನ ಕಾಂಡದಿಂದ ಕೆಳಗಿಳಿಯುವ ನರಗಳು ಬೆನ್ನುಹುರಿಯಲ್ಲೇ ಆ ಸಂಕೇತವನ್ನು ತಗ್ಗಿಸುತ್ತವೆ. ದೇಹವೇ ತಯಾರಿಸುವ, ನೋವು ತಗ್ಗಿಸುವ ಎಂಡಾರ್ಫಿನ್ ಮತ್ತು ಎಂಡೋಕ್ಯಾನಬಿನಾಯ್ಡ್ ಎಂಬ ವಸ್ತುಗಳಿಗೂ ಇದರಲ್ಲಿ ಪಾತ್ರವಿದೆ. ಕಾಲು ದುಡಿದರೆ ಕೈಯ ನೋವೂ ತಗ್ಗಬಹುದು. ಹಾಗಾಗಿ ಮಂಡಿ ತೀರಾ ನೋಯುವ ದಿನ ಕೈ, ಭುಜಗಳ ವ್ಯಾಯಾಮ ಮಾಡಿದರೂ ಸ್ವಲ್ಪ ಲಾಭವಿದೆ.

ಆದರೆ ಈ ಹಾಯಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕರಗುತ್ತದೆ. ಅಷ್ಟರಲ್ಲಿ ಮಂಡಿಯೇನೂ ರಿಪೇರಿಯಾಗಿರುವುದಿಲ್ಲ. ನಮ್ಮ ಕಡೆ ಎಡವಟ್ಟಾಗುವುದು ಇಲ್ಲಿಯೇ: ನೋವಿಲ್ಲವೆಂದು ಆಗಲೇ ಅಡಿಕೆ ಚೀಲ ಎತ್ತುವುದು, ಸುಲಿಯಲು ನೆಲದ ಮೇಲೆ ಎರಡು ಗಂಟೆ ಮಡಿಚಿ ಕೂರುವುದು. ಸಂಜೆ ಮಂಡಿ ಊದಿದಾಗ ಬೈಗುಳ ಮಾತ್ರ ನಡಿಗೆಗೆ! ಸುಲಿತಕ್ಕೆ ಎತ್ತರದ ಮಣೆಯೋ ಸ್ಟೂಲೋ ಇರಲಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ನಡಿಗೆ 20ರಿಂದ 30 ನಿಮಿಷವಿರಲಿ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ವೇಗ ಸಾಕು. ಮಳೆಗಾಲದಲ್ಲಿ ಜಗಲಿಯಲ್ಲೇ ಓಡಾಡಿ. ಇದರ ಜೊತೆ ತೊಡೆಗೆ ಬಲ ಬೇಕು: ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು 5 ಸೆಕೆಂಡು ಒತ್ತಿಹಿಡಿದು ಬಿಡಿ. 10 ಸಲ, ದಿನಕ್ಕೆ ಎರಡು ಹೊತ್ತು. ಉಸಿರು ಕಟ್ಟಬೇಡಿ, ಬಿ.ಪಿ. ಏರುತ್ತದೆ.

ನೋವನ್ನು ಹತ್ತಕ್ಕೆ ಅಳೆಯಿರಿ. ನಡೆಯುವಾಗ ಮೂರರೊಳಗಿದ್ದು, ಮರುದಿನ ಬೆಳಿಗ್ಗೆ ಮೊದಲಿನಂತಾದರೆ ಪ್ರಮಾಣ ಸರಿ. ಇಲ್ಲವಾದರೆ ಕಾಲು ಭಾಗ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಮಂಡಿ ಕೆಂಪಾಗಿ ಬಿಸಿಯಾದರೆ, ಸಿಕ್ಕಿಹಾಕಿಕೊಂಡರೆ ಅಥವಾ ನಡೆಯುವಾಗ ಎದೆ ಹಿಡಿದರೆ ತಡಮಾಡದೆ ಡಾಕ್ಟರರನ್ನು ಕಾಣಿ.

ಪ್ರಶ್ನೆ: ಎರಡು ವಾರದಿಂದ ಟ್ಯಾಗೋರ್ ಬೀಚಿನಲ್ಲಿ ಓಡುತ್ತಿದ್ದೇನೆ. ಓಡಿದರೆ ನೋವು ತಡೆಯುವ ಶಕ್ತಿ ಬರುತ್ತದೆ ಎನ್ನುತ್ತಾರೆ. ನನಗೆ ಮೀನಖಂಡದ ನೋವು ಹೆಚ್ಚಾಗಿದೆಯಲ್ಲ?
– ಓದುಗರು, ಕಾರವಾರ

ಉತ್ತರ: ಅವರು ಹೇಳುವುದು ನಿಜ, ಆದರೆ ಎರಡು ವಾರ ಸಾಲದು. ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಆರೋಗ್ಯವಂತರು ವಾರಕ್ಕೆ ಮೂರು ದಿನ, ಅರ್ಧ ಗಂಟೆಯಂತೆ ಆರು ವಾರ ಸೈಕಲ್ ತುಳಿದರು. ನೋವು ಶುರುವಾಗುವ ಮಟ್ಟ ಬದಲಾಗಲಿಲ್ಲ. ಅದನ್ನು ತಾಳಿಕೊಳ್ಳುವ ಅವಧಿ ಹೆಚ್ಚಿತು. ಅಂದರೆ ಅಭ್ಯಾಸವಿದ್ದವರಿಗೂ ನೋಯುತ್ತದೆ, ಆದರೆ ನೋವಿಗೆ ಅವರು ಬೇಗ ಹೆದರುವುದಿಲ್ಲ.

ನಿಮ್ಮ ಮೀನಖಂಡದ್ದು ಬಹುಶಃ ಹೊಸ ಶ್ರಮಕ್ಕೆ ಸ್ನಾಯು ಎಳೆಗಳಲ್ಲಾದ ಸೂಕ್ಷ್ಮ ಹಾನಿಯ ನೋವು. ಒಂದರಿಂದ ಮೂರು ದಿನದಲ್ಲಿ ಜೋರಾಗಿ, ತಾನೇ ಇಳಿಯುತ್ತದೆ. ಲ್ಯಾಕ್ಟಿಕ್ ಆ್ಯಸಿಡ್ ಕಾರಣವಲ್ಲ; ಅದು ಓಟ ಮುಗಿದ ಒಂದೆರಡು ಗಂಟೆಯಲ್ಲೇ ಕರಗಿರುತ್ತದೆ. ಒಣ ಮರಳಲ್ಲಿ ಹಿಮ್ಮಡಿ ಹೂತು ಮೀನಖಂಡಕ್ಕೆ ಹೆಚ್ಚು ಹೊರೆ ಬೀಳುತ್ತದೆ. ಇಳಿತದ ಹೊತ್ತಿನಲ್ಲಿ ಗಟ್ಟಿಯಾದ ಒದ್ದೆ ಮರಳ ಮೇಲೆ ಓಡಿ. ದಂಡೆ ಸಮುದ್ರದತ್ತ ಇಳಿಜಾರು. ಹೋದ ದಾರಿಯಲ್ಲೇ ಮರಳಿದರೆ ಎರಡೂ ಕಾಲಿಗೆ ಹೊರೆ ಸಮವಾಗುತ್ತದೆ. ದಿನ ಬಿಟ್ಟು ದಿನ ಓಡಿ. ಒಂದೇ ಜಾಗದಲ್ಲಿ ಚುಚ್ಚಿದರೆ, ಒಂದೇ ಕಾಲು ಊದಿದರೆ ಅದು ಬೇರೆ ವಿಷಯ, ತೋರಿಸಿಕೊಳ್ಳಿ.

ಪ್ರಶ್ನೆ: ನನಗೆ ಫೈಬ್ರೋಮಯಾಲ್ಜಿಯಾ (ಮೈಯೆಲ್ಲ ದೀರ್ಘಕಾಲ ನೋಯುವ ಕಾಯಿಲೆ). ವ್ಯಾಯಾಮ ಮಾಡಿದರೆ ಮೈಯೆಲ್ಲ ಇನ್ನೂ ನೋಯುತ್ತದೆ. ಸೋಮಾರಿತನ ಎನ್ನುತ್ತಾರೆ ಮನೆಯಲ್ಲಿ.
– ಓದುಗರು, ಕುಮಟಾ

ಉತ್ತರ: ಸೋಮಾರಿತನವಲ್ಲ, ಮನೆಯವರಿಗೂ ಇದನ್ನು ಓದಿ ಹೇಳಿ. ಮೇಲೆ ಹೇಳಿದ ತಗ್ಗಿಸುವ ವ್ಯವಸ್ಥೆ ನಿಮ್ಮಂಥವರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಜೋರು ವ್ಯಾಯಾಮಕ್ಕೆ ನೋವು ಏರಲೂಬಹುದು. ಐದೇ ನಿಮಿಷದ ನಿಧಾನ ನಡಿಗೆಯಿಂದ ಶುರುಮಾಡಿ, ವಾರಕ್ಕೊಂದೆರಡು ನಿಮಿಷ ಸೇರಿಸಿ. ಮೈ ಹಗುರವಿದ್ದ ದಿನವೂ ಆ ಮಿತಿ ದಾಟಬೇಡಿ. ಬಾಕಿ ಕೆಲಸವೆಲ್ಲ ಆ ದಿನವೇ ಮುಗಿಸಲು ಹೋದವರು ಮುಂದಿನ ಮೂರು ದಿನ ಮಲಗುತ್ತಾರೆ.